ಹಿತ್ತಲ ಗೂಡಿನ ಲೋಟ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಬಸವೇಶ್ವರನಗರದ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ಒಗೆಯುವ ಕಲ್ಲು ಎಡಕ್ಕಿತ್ತೋ ಬಲಕ್ಕಿತ್ತೋ, ನನಗೆ ಖಚಿತವಿಲ್ಲ. ಲೋಟ ಮಾತ್ರ ನೆನಪಿದೆ, ಅಥವಾ ನೆನಪಿದೆ ಎಂದು ಹೇಳಿಕೊಂಡು ಬಂದಿದ್ದೇನೆ.

ಕಾಲೇಜಿನಲ್ಲಿ ಪಾಠ ಹೇಳುವುದರ ಜೊತೆಗೆ, ನಾಲ್ಕು ವರ್ಷಗಳಿಂದ ಕೆಂಗೇರಿಯ ಒಂದು ಶೆಡ್ಡಿನಲ್ಲಿ ಪಿಂಗಾಣಿ ತಟ್ಟೆ, ಬಟ್ಟಲು, ಲೋಟ ಮಾಡುತ್ತೇನೆ. ಹಳೆಯ ಉಪ್ಪಿನಕಾಯಿ ಜಾಡಿಗಳ ಬಣ್ಣ ನನಗಿಷ್ಟ: ಮೇಲರ್ಧ ಕಂದು, ಕೆಳಗೆ ಕೆನೆ. ಆ ಬಣ್ಣದ ಗ್ಲೇಜ್ ಲೇಪ ಹದಕ್ಕೆ ಬರುವಷ್ಟರಲ್ಲಿ ಎಷ್ಟೋ ಲೋಟ ಹಾಳಾದವು. ಆಕಾರಕ್ಕೆ ಮಾತ್ರ ಹುಡುಕಾಡಲಿಲ್ಲ. ತಿಗರಿಯ ಮೇಲೆ ಮಣ್ಣಿಟ್ಟರೆ ಕೈ ತಾನಾಗಿ ಒಂದು ಗಿಡ್ಡ ಲೋಟ ಎತ್ತುತ್ತಿತ್ತು. ಹಿಡಿಯಿಲ್ಲ, ಅಂಚು ತುಸು ಹೊರಕ್ಕೆ ಬಾಗಿದ್ದು. ವಿಜಯನಗರದಲ್ಲಿ ಮೊದಲ ಪ್ರದರ್ಶನ ಇಟ್ಟಾಗ ಅದರ ಪಕ್ಕದ ಚೀಟಿಯಲ್ಲಿ ‘ಅಜ್ಜಿಯ ಅಡುಗೆಮನೆಯ ನೆನಪಿನಿಂದ’ ಎಂದು ಬರೆದೆ. ಬಂದವರು ಅದನ್ನೋದಿ ತಮ್ಮ ಅಜ್ಜಿಯರ ಬಗ್ಗೆ ಹೇಳಿದರು. ನಾನೂ ತಲೆಯಾಡಿಸಿದೆ.

ಎರಡನೆಯ ದಿನ ಅಮ್ಮ ಬಂದಳು. ಚೀಟಿಯನ್ನು ಎರಡು ಸಲ ಓದಿದಳು.

“ಅಡುಗೆಮನೇಲೆಲ್ಲಿತ್ತೇ ಇದು? ಪಿಂಗಾಣೀನ ನಿಮ್ಮಜ್ಜಿ ಒಳಗೆ ಬಿಟ್ಕೋತಿದ್ರಾ? ಇದು ಪಾತ್ರೆ ತೊಳೆಯೋಳ ಲೋಟ ಕಣೇ.”

ದನಿಯಲ್ಲಿ ಸಿಟ್ಟಿರಲಿಲ್ಲ. ಯಾರೋ ತಪ್ಪಾಗಿ ಹೇಳಿದ ವಿಳಾಸ ತಿದ್ದುವ ಹಾಗೆ ಹೇಳಿದಳು. ಅಷ್ಟರಲ್ಲಿ ಆರು ಲೋಟ ಯಾರದೋ ಮನೆಗೆ ಹೋಗಿಯಾಗಿತ್ತು, ಚೀಟಿಯ ಕಥೆಯ ಸಮೇತ.

ಪಾತ್ರೆ ತೊಳೆಯಲು ಆಕೆ ಹೆಗ್ಗನಹಳ್ಳಿಯಿಂದ ನಡೆದು ಬರುತ್ತಿದ್ದರು. ನಾವು ಕುಡಿಯುತ್ತಿದ್ದುದು ಸ್ಟೀಲ್ ಲೋಟದಲ್ಲಿ. ಆಕೆಯದು ಹಿತ್ತಲ ಗೋಡೆಯ ಗೂಡಿನಲ್ಲಿರುತ್ತಿತ್ತು. ತಾವೇ ತೊಳೆದು ಮೆಟ್ಟಿಲ ಮೇಲಿಟ್ಟು ದೂರ ನಿಲ್ಲುತ್ತಿದ್ದರು. ನಾವು ಮೇಲಿನಿಂದ, ತಗಲದಂತೆ, ಕಾಫಿ ಸುರಿಯುತ್ತಿದ್ದೆವು. ಆಕೆ ತೊಳೆದಿಟ್ಟ ಪಾತ್ರೆಗಳ ಮೇಲೂ ಒಂದು ಚೊಂಬು ನೀರು ಹಾಕಿಯೇ ಒಳಗೆ ತರುತ್ತಿದ್ದುದು.

ಒಂದು ದಿನ ಆ ಲೋಟ ನಮ್ಮ ಲೋಟಗಳ ಬುಟ್ಟಿಯಲ್ಲಿ ಸೇರಿಹೋಗಿತ್ತು. “ನಿನ್ನ ಲೋಟ ಹೊರಗಿಡು” ಎಂದಿತು ಒಂದು ದನಿ. ಆಕೆ ಬುಟ್ಟಿಯನ್ನೇ ಎತ್ತಿಕೊಂಡು ಹೋಗಿ ಎಲ್ಲವನ್ನೂ ಮತ್ತೆ ತೊಳೆದರು. ನನಗಾಗ ಹತ್ತು ವರ್ಷವಿರಬೇಕು.

ನನ್ನ ದಿನಚರಿಯಲ್ಲಿ ಈ ಪ್ರಸಂಗ ಹಿಂದೊಮ್ಮೆ ಬರೆದಿದ್ದೇನೆ, ದನಿ ಅಜ್ಜಿಯದು ಎಂದು. ಅಂದರೆ ಚೀಟಿ ಬರೆಯುವಾಗ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆಕೆಯನ್ನು ಹೊರಗೇ ಬಿಟ್ಟು, ಲೋಟವನ್ನು ಮಾತ್ರ ಹಿತ್ತಲಿಂದ ಅಡುಗೆಮನೆಗೆ ತಂದವಳು ನಾನು. ಚೀಟಿ ತೆಗೆದು ಚೀಲಕ್ಕೆ ಹಾಕಿಕೊಂಡೆ. ಉಳಿದ ಹೊತ್ತೆಲ್ಲ ಯಾರ ಮುಖವನ್ನೂ ನೇರ ನೋಡಲಾಗಲಿಲ್ಲ.

ಸಂಜೆ ಮೂಡಲಪಾಳ್ಯದ ಈಗಿನ ಮನೆಯಲ್ಲಿ ಅಮ್ಮನ ಜೊತೆ ಕಾಫಿ ಕುಡಿಯುತ್ತ, ಲೋಟ ಬುಟ್ಟಿಗೆ ಸೇರಿದ ಆ ದಿನ ಅಜ್ಜಿ ಹಾಗೆ ಅನ್ನಬಾರದಿತ್ತು ಎಂದೆ. ಅಜ್ಜಿಯ ಹೆಸರು ಹೇಳಿದ್ದರಿಂದ ಮನಸ್ಸು ತುಸು ಹಗುರವಾಯಿತು ಎನ್ನುವುದನ್ನೂ ಇಲ್ಲಿ ಬರೆಯಬೇಕು.

“ಅವರ ಮೇಲ್ಯಾಕೆ ಹಾಕ್ತೀಯಾ? ಅವತ್ತು ಅವರು ಕಾಶೀಲಿದ್ರು. ಮನೇಲಿ ನಾವಿಬ್ರೇ ಇದ್ದಿದ್ದು” ಎಂದಳು ಅಮ್ಮ.

ನಾನು ಒಂದು ಪ್ರಶ್ನೆ ಕೇಳಿದೆ. ಅಮ್ಮ ತನ್ನ ಸ್ಟೀಲ್ ಲೋಟ ತೆಗೆದುಕೊಂಡು ಒಳಗೆ ಹೋದಳು. ಮೂರು ವಾರವಾಯಿತು, ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

“ಹಾಗಾದ್ರೆ ಹಾಗಂದಿದ್ದು ಯಾರಮ್ಮ, ನೀನಾ, ನಾನಾ?”