ಅವರಿಗೆ ಮಾವಿನಕಾಯಿ, ನನಗೆ ಏಣಿ

ಕಳೆದ ವಾರ ಕಾಂಪೌಂಡಿಗೆ ಬಣ್ಣ ಹೊಡೆಸಲೆಂದು ಹಳೆಯ ಸುಣ್ಣ ಕೆರೆಸುತ್ತಿದ್ದೆ. ಪದರ ಉದುರಿದ ಕಡೆ ನೀಲಿ ಏಣಿಯೊಂದು ಕಾಣಿಸಿತು. ತೊಂಬತ್ತರ ದಶಕದಲ್ಲಿ ನಮ್ಮ ದೊಡ್ಡಬಳ್ಳಾಪುರದ ಪುರಸಭೆ ಚುನಾವಣೆಗೆ ನಿಂತಾಗ ನನಗೆ ಸಿಕ್ಕಿದ್ದ ಗುರುತು ಅದು. ಗುರುತು ನನ್ನದಾದರೂ ನೆನಪಾದದ್ದು ಎದುರುಮನೆಯ ಯಜಮಾನರು…

ನಾನು ಸೇನೆಯಿಂದ ನಿವೃತ್ತನಾಗಿ ಬಂದವನು. ಬೆಳಕು ಹರಿಯುವ ಮೊದಲೇ ನನ್ನ ಸ್ನಾನ ಮುಗಿದಿರುತ್ತಿತ್ತು. ಇಸ್ತ್ರಿಯಿಲ್ಲದ ಅಂಗಿ ತೊಟ್ಟವನಲ್ಲ. ಎದುರುಮನೆಯವರು ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಿದ್ದರು, ಬನಿಯನ್ನಿನಲ್ಲೇ ಬೀದಿಗೆ ಬರುತ್ತಿದ್ದರು. ಆದರೂ ಬೀದಿಯ ಜಗಳ, ಮದುವೆ ಮಾತುಕತೆ ಎಲ್ಲ ನಡೆಯುತ್ತಿದ್ದುದು ಅವರ ಜಗುಲಿಯಲ್ಲೇ. ತೊಳೆದು ಒರೆಸಿಟ್ಟ ನನ್ನ ಜಗುಲಿಯ ಮೇಲೆ ಯಾರೂ ಕೂರುತ್ತಿರಲಿಲ್ಲ. ವಾರ್ಡಿನ ಸದಸ್ಯನಾದರೆ ಜನ ನನ್ನ ಬಾಗಿಲಿಗೂ ಬರುತ್ತಾರೆಂದು ನಾಮಪತ್ರ ಹಾಕಿದೆ. ಮಾರನೆಯ ದಿನ ಅವರೂ ಹಾಕಿದರು.

ಇಬ್ಬರೂ ಪಕ್ಷೇತರರು, ಇಬ್ಬರೂ ಕೇಳಿದ್ದು ಮಾವಿನಕಾಯಿ ಗುರುತನ್ನೇ. ನೇಕಾರರ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಗುರುತು ಬೇರೆ ಇರಲಿಲ್ಲ. ಇಲ್ಲಿ ನೇಯುವ ಸೀರೆಗಳ ಅಂಚು, ಸೆರಗು ಎಲ್ಲದರಲ್ಲೂ ಮಾವಿನಕಾಯಿ ಬುಟ್ಟಾ ಇದ್ದೇ ಇರುತ್ತಿತ್ತು. ಅಧಿಕಾರಿ ಚೀಟಿ ಎತ್ತಿಸಿದರು. ಮಾವಿನಕಾಯಿ ಅವರ ಪಾಲಾಯಿತು, ಏಣಿ ನನಗೆ ಬಂತು.

ಎದುರುಮನೆಯವರು ಹೊರಗೆ ಬಂದವರೇ ನನ್ನ ಹೆಗಲ ಮೇಲೆ ಕೈಹಾಕಿದರು. "ಬೇಜಾರ್ ಮಾಡ್ಕೋಬೇಡಿ ಮಿಲ್ಟ್ರಿಯಣ್ಣ. ನನ್ನ ಮಾವಿನಕಾಯಿ ಕೀಳೋಕೂ ನಿಮ್ಮ ಏಣೀನೇ ಬೇಕಲ್ಲಾ!"

ಸುತ್ತ ಇದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

ಗೋಡೆಗೋಡೆಗೂ ಏಣಿ ಬರೆಸಿದೆ, ಬೀದಿಬೀದಿ ತಿರುಗಿದೆ. ಅವರು ಎರಡು ಗೋಡೆಗಳಿಗೆ ಬರೆಸಿ ಮಗ್ಗದ ಮುಂದೆ ಕುಳಿತುಬಿಟ್ಟರು.

ಮತದಾನದ ದಿನ ಮತಗಟ್ಟೆಯಿದ್ದ ಶಾಲೆಯ ಹತ್ತಿರ ಹೋದವನಿಗೆ ಮೈಯೆಲ್ಲ ಉರಿಯಿತು. ಹೆಂಗಸರ ಸಾಲಿನ ಉದ್ದಕ್ಕೂ ಮಾವಿನಕಾಯಿ. ಹಬ್ಬಕ್ಕೆ ಬಂದವರಂತೆ ಒಳ್ಳೊಳ್ಳೆಯ ಸೀರೆ ಉಟ್ಟು ಬಂದಿದ್ದರು. ಮತಗಟ್ಟೆಯ ಬಳಿ ಅಭ್ಯರ್ಥಿಯ ಗುರುತು ತೋರಿಸಬಾರದೆಂಬ ನಿಯಮವಿತ್ತು. ಮತಗಟ್ಟೆಯ ಅಧಿಕಾರಿಯನ್ನು ಹೊರಗೆ ಕರೆದು ಆಕ್ಷೇಪ ಎತ್ತಿದೆ.

ಅಧಿಕಾರಿ ಸಾಲು ನೋಡಿ ತಲೆ ಕೆರೆದುಕೊಂಡರು. "ಏನ್ ಮಾಡ್ಲಿ ಸ್ವಾಮಿ, ಎಲ್ಲರನ್ನೂ ಸೀರೆ ಬದಲಾಯಿಸ್ಕೊಂಡ್ ಬನ್ನಿ ಅನ್ಲಾ?"

ಸಾಲಿನಿಂದ ಒಬ್ಬಾಕೆ ಕೂಗಿದಳು: "ಬೀರು ತುಂಬಾ ಇದೇ ಇರೋದು ಕಣಣ್ಣೋ! ಏಣಿ ಸೀರೆ ಎಲ್ಲಾರ ನೇಯ್ದಿದ್ರೆ ಕೊಡ್ಸು, ಅದ್ನೇ ಉಟ್ಕೊಂಡ್ ಬತ್ತೀವಿ!"

ನಗುವಿನ ನಡುವೆ ಎದುರುಮನೆಯವರು ಬಂದರು. ಅಂದೂ ಬನಿಯನ್ನೇ, ಹೆಗಲ ಮೇಲೊಂದು ಟವೆಲು. ವಿಷಯ ಕೇಳಿ, "ಮಿಲ್ಟ್ರಿಯಣ್ಣ ಹೇಳೋದು ಸರೀನೇ" ಎಂದರು. ಸಾಲಿನತ್ತ ತಿರುಗಿ, "ಅಕ್ಕಂದಿರಾ, ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಳ್ರಮ್ಮ. ಮಾವಿನಕಾಯಿ ಕಾಣ್ದಂಗೆ ಮಡಿಸ್ಕೊಳ್ಳಿ" ಎಂದರು. ದನಿ ಎತ್ತಲೂ ಇಲ್ಲ. ಇಡೀ ಸಾಲು ಒಮ್ಮೆಗೇ ಸೆರಗು ಮಡಿಸಿತು. ಅಷ್ಟು ಅಚ್ಚುಕಟ್ಟಾದ ಕವಾಯತನ್ನು ನಾನು ಸೇನೆಯಲ್ಲೂ ಮಾಡಿಸಿದವನಲ್ಲ. ಎಲ್ಲರಿಗಿಂತ ಮೊದಲು ಮಡಿಸಿದವಳು ನನ್ನ ಹೆಂಡತಿ. ನನ್ನ ಮಾತನ್ನು ಒಂದೇ ಸಲಕ್ಕೆ ಕೇಳಿದವಳಲ್ಲ ಅವಳು…

ಫಲಿತಾಂಶ ನನಗೆ ಆಗಲೇ ತಿಳಿದಿತ್ತು. ಗೆದ್ದ ದಿನ ಅವರು ಮೊದಲು ನಮ್ಮ ಮನೆಗೇ ಸಿಹಿ ತಂದರು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಅವರು ತೀರಿಕೊಂಡು ಈಗ ಎರಡು ವರ್ಷ. ಆ ದಿನ ಯಾರೂ ಹೇಳದೆ ಬೀದಿಯ ಮಗ್ಗಗಳೆಲ್ಲ ನಿಂತವು. ಆ ಮೌನದಲ್ಲಿ ಹೆಣದ ಪಕ್ಕ ಕುಳಿತು ನಾನು ಯೋಚಿಸುತ್ತಿದ್ದುದು ಒಂದನ್ನೇ: ನಾನು ಹೋದ ದಿನ ಒಂದಾದರೂ ಮಗ್ಗ ನಿಲ್ಲುತ್ತದೆಯೇ? ಇದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ. ಹೇಳಿದರೆ ಹೆಗಲ ಮೇಲೆ ಕೈಹಾಕಿ ಜೋರಾಗಿ ನಗುತ್ತಿದ್ದವರು ಅವರೊಬ್ಬರೇ.