ಸೊಸೆ ಬೆನ್ನು ತಿರುಗಿಸಬೇಕಾದ ಸುತ್ತು

ತಿರುಮೂರ್ತಿ ಉಡುಮಲೈಪೇಟೆಯ ಆಚೆ ಶಾಲಾ ವ್ಯಾನ್ ಓಡಿಸುತ್ತಾನೆ. ಯಾವ ಮಗು ವಾಂತಿ ಮಾಡುತ್ತದೆ, ಯಾವುದು ಪಕ್ಕದವರನ್ನು ಕಚ್ಚುತ್ತದೆ, ಯಾವುದನ್ನು ಕಿಟಕಿಯ ಬಳಿ ಕೂರಿಸಲೇಬಾರದು ಎಲ್ಲ ಅವನಿಗೆ ಬಾಯಿಪಾಠ. ಯುಕೆಜಿಯ ಜನನಿಯನ್ನು ಮಾತ್ರ ತನ್ನ ಹಿಂದೆಯೇ ಕೂರಿಸಿಕೊಳ್ಳುತ್ತಾನೆ. ದಾರಿಯುದ್ದಕ್ಕೂ ಕಣ್ಣು ಮಿಟುಕಿಸದೆ ಅವನನ್ನೇ ನೋಡುವ ಮಗು ಅದು. "ಎಷ್ಟು ಮರ್ಯಾದೆ ಕಲಿಸಿದ್ದೀರಮ್ಮಾ," ಎಂದು ಅದರ ತಾಯಿಗೆ ಹೇಳದ ದಿನವಿಲ್ಲ.

ಇಷ್ಟು ಮಕ್ಕಳನ್ನು ಜಗಳವಿಲ್ಲದೆ ಕೂರಿಸುವವನಿಗೆ ಆರು ಹೆಂಗಸರನ್ನು ನಿಲ್ಲಿಸುವುದೇನು ಕಷ್ಟ ಎಂದು ಊರಿನವರು ಅವನನ್ನು ಹೆಂಗಸರ ವಾಲಿಬಾಲ್ ತಂಡಕ್ಕೆ ಕೋಚ್ ಮಾಡಿಬಿಟ್ಟರು.

ಕಷ್ಟವೇ ಆಯಿತು. ತಂಡದಲ್ಲಿ ಅತ್ತೆ ವಳ್ಳಿಯಮ್ಮ, ಸೊಸೆ ಕಲೈಸೆಲ್ವಿ ಇಬ್ಬರೂ ಇದ್ದರು. ಅತ್ತೆಯ ಸರ್ವ್ ಗುಂಡಿನಂತೆ ಹೋಗುತ್ತಿತ್ತು. ಸೊಸೆ ನೆಟ್ ಬಳಿ ಹಾರಿ ಹೊಡೆದರೆ ಎತ್ತುವವರಿರಲಿಲ್ಲ. ಆದರೆ ಅತ್ತೆ ಹಿಂದಿನ ಸಾಲಿಗೆ ಹೋದರೆ ಸಾಕು, ಮುಂದೆ ನಿಂತ ಸೊಸೆ ಎದುರಾಳಿಗಳನ್ನು ಬಿಟ್ಟು ಅತ್ತೆಯ ಕಡೆಗೇ ತಿರುಗಿಬಿಡುತ್ತಿದ್ದಳು. ದೊಡ್ಡವರಿಗೆ ಬೆನ್ನು ತೋರಿಸದ ಹೆಣ್ಣು ಎಂದು ಊರೇ ಮೆಚ್ಚಿತು. "ಈ ಕಾಲದಾಗೆ ಇಂಥ ಸೊಸೆ ಎಲ್ಲಿ ಸಿಕ್ತಾಳೆ?" ಎಂದು ವಳ್ಳಿಯಮ್ಮ ಬಂದವರಿಗೆಲ್ಲ ಹೇಳಿಕೊಂಡಳು.

ತಂಡ ಆಡುತ್ತಿದ್ದದ್ದು ವಳ್ಳಿಯಮ್ಮನ ಗಂಡ ಲಿಂಗಸಾಮಿಯ ಕೊಬ್ಬರಿ ಕಣದಲ್ಲಿ. ಆತ ಖಡಾಖಂಡಿತವಾಗಿ ಹೇಳಿದ್ದ: "ಭಾನುವಾರ ಸೂಲೂರಿನವರ ಮೇಲೆ ಗೆದ್ರೆ ಕಣ ನಿಮ್ದು. ಸೋತ್ರೆ ಸೋಮವಾರ ಕಂಬ ಕಿತ್ತು ಕೊಬ್ಬರಿ ಹರವ್ತೀನಿ, ಸೆರಿಯಾ?"

ಶನಿವಾರ ತಿರುಮೂರ್ತಿ ಅಡುಗೆಮನೆಯ ನೆಲದಲ್ಲಿ ಆರು ಲೋಟ ಇಟ್ಟುಕೊಂಡು ಕೂತ. ಎದುರಾಳಿಯ ಸರ್ವ್ ಮುರಿದಾಗಲೆಲ್ಲ ಆರು ಜನವೂ ಒಂದೊಂದು ಜಾಗ ಸರಿಯಬೇಕು. ಹಿಂದಿದ್ದವರು ಮುಂದೆ, ಮುಂದಿದ್ದವರು ಹಿಂದೆ. ಅತ್ತೆ ಸೊಸೆಯನ್ನು ದೂರ ದೂರ ಇಟ್ಟರೆ ಮತ್ತೆ ಮತ್ತೆ ತೊಂದರೆ. ಅಕ್ಕಪಕ್ಕ ಇಟ್ಟರೆ ಒಂದೇ ಒಂದು ಸುತ್ತು, ಅತ್ತೆ ಸರ್ವ್ ಮಾಡುವಾಗ, ಸೊಸೆ ಮುಂದೆ ಸಿಕ್ಕಿಹಾಕಿಕೊಳ್ಳುತ್ತಾಳೆ.

"ಲೋಟ ಕೊಡಿ, ಕಾಪಿ ಆರ್ತದೆ," ಎಂದಳು ಹೆಂಡತಿ.

"ಮುಟ್ಟಬೇಡ! ಅದು ವಳ್ಳಿಯಕ್ಕ."

"ವಳ್ಳಿಯಕ್ಕನ ಒಳಗೇ ಹುಯ್ದು ಕೊಡ್ತೀನಿ, ಕುಡೀರಿ."

ಭಾನುವಾರ ಕೊನೆಯ ಸೆಟ್‌ವರೆಗೂ ಲೋಟಗಳ ಲೆಕ್ಕ ತಪ್ಪಲಿಲ್ಲ. ಇನ್ನೊಂದು ಪಾಯಿಂಟ್ ಬಂದರೆ ಕಣ ಉಳಿಯುತ್ತದೆ ಎನ್ನುವಾಗ ಸುತ್ತು ಬಂದು ಸರಿಯಾಗಿ ಅಲ್ಲೇ ನಿಂತಿತು. ಚೆಂಡು ವಳ್ಳಿಯಮ್ಮನ ಕೈಯಲ್ಲಿ. ನೆಟ್ ಬಳಿ ಕಲೈಸೆಲ್ವಿ, ಮುಖ ಹಿಂದಕ್ಕೆ. ಲಿಂಗಸಾಮಿ ಆಗಲೇ ಕಂಬಗಳನ್ನು ಕಣ್ಣಲ್ಲೇ ಕೀಳುತ್ತಿದ್ದ.

ತಿರುಮೂರ್ತಿ ಟೈಮ್‌ಔಟ್ ಕೇಳಿ ಕೈ ಮುಗಿದ. "ಕಲೈ, ಇವತ್ತೊಂದು ದಿವಸ ಈ ಮರ್ಯಾದೆ ಬೇಡಮ್ಮಾ. ಅಕ್ಕ ಏನೂ ಅಂದ್ಕೊಳಲ್ಲ."

"ಮರ್ಯಾದೆನಾ?" ಕಲೈಸೆಲ್ವಿ ಬೆಪ್ಪಾದಳು. "ಭಯ ಅಣ್ಣಾ! ನೀವು ವ್ಯಾನ್ ಬಿಟ್ಟು ಬರಾಕೆ ಮುಂಚೆ ಎಷ್ಟು ಕಿತ ಅತ್ತೆ ಸರ್ವ್ ನನ್ನ ಬುರುಡೆಗೇ ಬಿದ್ದೈತೆ ಗೊತ್ತಾ? ಅವರು ಹಿಂದೆ ಇದ್ರೆ ಕಣ್ಣು ಬಿಡಾಕೆ ಆಗಲ್ಲ."

ಮೊದಲು ನಕ್ಕವನು ಲಿಂಗಸಾಮಿ. ವಳ್ಳಿಯಮ್ಮನ ಮುಖ ಕೆಂಡವಾಯಿತು.

"ಅಂದ್ರೆ ನಿನಗೆ ನನ್ನ ಕಂಡ್ರೆ ಮರ್ಯಾದೆ ಇಲ್ಲ?"

"ಐತೆ ಅತ್ತೆ. ಮನೇಲಿ ಐತೆ."

"ತಿರುಗೇ ಆ ಕಡೆ! ನನ್ನ ಗುರಿ ಎಂಥದ್ದು ನೋಡೀವಂತೆ... ಅಯ್ಯೋ, ನೋಡಬ್ಯಾಡ, ತಿರುಗು!"

ಕಲೈಸೆಲ್ವಿ ತಿರುಗಿದಳು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು. ಉಳಿದವರೂ ಒಬ್ಬೊಬ್ಬರಾಗಿ ತಲೆ ಮುಚ್ಚಿಕೊಂಡರು. ವಳ್ಳಿಯಮ್ಮ ಹಲ್ಲು ಕಚ್ಚಿ ಹೊಡೆದ ಚೆಂಡು ಎಲ್ಲರ ತಲೆ ದಾಟಿ ಎದುರಿನ ಮೂಲೆಗೆ ನುಗ್ಗಿತು. ಸೂಲೂರಿನ ಹುಡುಗಿ ಹೇಗೋ ಎತ್ತಿದಳು. ಚೆಂಡು ತೇಲಿ ನೆಟ್‌ಗೇ ಬಂತು. ಕಲೈಸೆಲ್ವಿ ತಲೆಯ ಮೇಲಿಂದ ಕೈ ತೆಗೆದವಳೇ ಹಾರಿದಳು. ಆ ಹೊಡೆತಕ್ಕೆ ಎದುರಿನವರೂ ತಲೆ ಮುಚ್ಚಿಕೊಂಡರು.

ಕೊಬ್ಬರಿ ಸೋಮವಾರ ಲಿಂಗಸಾಮಿಯ ತಾರಸಿ ಹತ್ತಿತು. ಅದನ್ನು ಹೊತ್ತು ಏರಿಸುತ್ತಿದ್ದ ವಳ್ಳಿಯಮ್ಮ ಕೆಳಗಿದ್ದ ಸೊಸೆಗೆ, "ದೂರ ನಿಂತ್ಕೋ, ಇದೂ ನಿನ್ನ ಬುರುಡೆಗೆ ಬಿದ್ದೀತು," ಎನ್ನುತ್ತಿದ್ದಳಂತೆ.

ಅದೇ ಬೆಳಿಗ್ಗೆ ತಿರುಮೂರ್ತಿ ವ್ಯಾನಿನ ಕನ್ನಡಿಯಲ್ಲಿ ಜನನಿಯನ್ನು ಕಂಡ. ಕಂಬಿ ಬಿಗಿಯಾಗಿ ಹಿಡಿದು ಅವನನ್ನೇ ನೋಡುತ್ತಿತ್ತು ಮಗು. ಅವನಿಗೆ ಯಾಕೋ ಅನುಮಾನ ಬಂತು.

"ಯಾಕೆ ಕಂದಾ, ಯಾವಾಗಲೂ ನನ್ನನ್ನೇ ನೋಡ್ತೀಯಲ್ಲ?"

"ನೀವು ಯಾವಾಗ ಬ್ರೇಕ್ ಹಾಕ್ತೀರೋ ಗೊತ್ತಾಗಲ್ಲ ಮಾಮಾ," ಎಂದಿತು ಜನನಿ.