ವರ್ಮೆಲ್ ಪೊಲೈಟ್ ಬರಿಗೈಲಿ ಬಂದ ಶನಿವಾರ

ವರ್ಮೆಲ್ ಪೊಲೈಟ್ ಗಾಳ ಹಿಡಿದು ಹೊಳೆಗಿಳಿದಳೆಂದರೆ ಬಾಣಲೆಯನ್ನು ಒಲೆಯ ಮೇಲಿಟ್ಟು ಎಣ್ಣೆ ಕಾಯಿಸಬಹುದು. ಸೌತ್ ಕೆರೊಲಿನಾ ತೀರದ ಆ ದ್ವೀಪದಲ್ಲಿ ಈ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ, ಅವಳ ಮೈದುನ ಹೆಜೆಕಾಯ ಒಬ್ಬನನ್ನು ಬಿಟ್ಟು. ಅರವತ್ತು ದಾಟಿದ ಎತ್ತರದ ಹೆಂಗಸು, ತಲೆಗೆ ಸದಾ ತೀರಿಹೋದ ಗಂಡನ ಉಲ್ಲನ್ ಟೋಪಿ. ದೋಣಿಕಟ್ಟೆಯ ಪಕ್ಕ ಒಂದು ತಗಡಿನ ಅಂಗಡಿ. ಅಲ್ಲಿ ಗಾಳಕ್ಕೆ ಸಿಕ್ಕಿಸುವ ಜೀವಂತ ಮೀನುಮರಿ, ಸಿಗಡಿ, ನಾಲಿಗೆ ಸುಡುವ ಕಾಫಿ. ಯಾರ ಮುಂದೂ ಕೈಚಾಚದೆ ಬದುಕಿದವಳೆಂಬ ಜಂಬ ಅವಳಿಗೆ ಒಂದಿಷ್ಟಿತ್ತು. ಮೀನು ಹಿಡಿಯುವ ಜಂಬವಂತೂ ಹೊಟ್ಟೆ ತುಂಬ ಇತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋದವಳಲ್ಲ.

ಪ್ರತಿ ಫೆಬ್ರವರಿಯ ಕೊನೆಯ ಶನಿವಾರ ಸಂಜೆ ಚರ್ಚಿನಲ್ಲಿ ಊರೂಟ. ಜೋಳದ ನುಚ್ಚಿನ ಗ್ರಿಟ್ಸ್ ಒಬ್ಬರದು, ಸೊಪ್ಪು ಇನ್ನೊಬ್ಬರದು, ದೊಡ್ಡ ಮೇಜಿನ ಮೇಲಿನ ಟ್ರೌಟ್ ಮೀನು ಮಾತ್ರ ವರ್ಮೆಲಳದ್ದೇ. ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿದ ಆ ಮೀನಿಗಾಗಿ ಜನ ಪ್ರಾರ್ಥನೆಗೆ ಬರುವುದಕ್ಕಿಂತ ಬೇಗ ಬಂದು ಬೆಂಚು ಹಿಡಿಯುತ್ತಿದ್ದರು. ಹೆಜೆಕಾಯನೂ ಪ್ರತಿ ವರ್ಷ ಹಟಕ್ಕೆ ಒಂದು ತಟ್ಟೆ ಮೀನು ಕರಿದು ತರುತ್ತಿದ್ದ. ಅದನ್ನು ಪಕ್ಕದ ಸಣ್ಣ ಮೇಜಿನ ಮೇಲಿಡುತ್ತಿದ್ದರು, ಮುಟ್ಟುವವರಿರಲಿಲ್ಲ. ಒಂದೇ ಒಂದು ವರ್ಷವಾದರೂ ದೊಡ್ಡ ಮೇಜು ತನ್ನದಾಗಬೇಕೆಂದು ಅವನು ತಲೆ ನರೆಯುವವರೆಗೂ ಕಾಯುತ್ತಲೇ ಇದ್ದ.

ವರ್ಮೆಲಳ ಮೀನು ಬರುತ್ತಿದ್ದದ್ದು ಒಂದೇ ಜಾಗದಿಂದ. ಉಪ್ಪುನೀರಿನ ಹೊಳೆ ಜೌಗುಹುಲ್ಲಿನ ನಡುವೆ ತಿರುವು ತೆಗೆದುಕೊಳ್ಳುವಲ್ಲಿ, ಸಿಂಪಿಚಿಪ್ಪಿನ ದಿಬ್ಬದ ಹಿಂದೆ, ಒಂದು ಆಳವಾದ ಮಡು. ಚಳಿ ಬಿದ್ದು ಮೇಲಿನ ನೀರು ಕೊರೆಯತೊಡಗಿತೆಂದರೆ ಹೊಳೆಯ ಟ್ರೌಟುಗಳೆಲ್ಲ ಅಲ್ಲಿಗೆ ಬಂದು ತಳದಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ವಸಂತದಲ್ಲಿ ಮೊಟ್ಟೆಯಿಡುವ ದಪ್ಪ ಹೆಣ್ಣುಮೀನುಗಳೂ ಆ ಗುಂಪಿನಲ್ಲೇ. ಅತ್ತೆಯ ಕಾಲದಿಂದಲೂ ಪೊಲೈಟ್ ಮನೆಯವರು ಊಟಕ್ಕೆ ಬೇಕಾದಷ್ಟು ಹಿಡಿದು, ಲಂಗರು ಎತ್ತಿ ಮನೆಗೆ ಬರುತ್ತಿದ್ದರು.

ಮಡುವೂ ಕೈಕೊಟ್ಟ ವರ್ಷವೊಂದಿತ್ತು. ಆ ಜನವರಿಯಲ್ಲಿ ಹೊಳೆಯ ಅಂಚಿಗೆ ಮಂಜುಗಡ್ಡೆ ಕಟ್ಟಿ, ಬೆಳಗಾಗುವಷ್ಟರಲ್ಲಿ ಟ್ರೌಟುಗಳು ಹೊಟ್ಟೆ ಮೇಲೆ ಮಾಡಿ ತೇಲಿದ್ದವು. ವರ್ಮೆಲ್ ದೋಣಿಯಲ್ಲೇ ಕೂತು ಅತ್ತಿದ್ದಳು. ಫ್ರೀಜರಿನಲ್ಲಿದ್ದ ಹಳೇ ಮೀನು ಆ ಸಲದ ಊಟದ ಮಾನ ಕಾಪಾಡಿತು. ಹೊಳೆ ಸುಧಾರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

ಈಚೆಗೆ ಚಳಿಗಾಲವೆಂಬುದು ಹೆಸರಿಗಷ್ಟೇ. ಕ್ರಿಸ್‌ಮಸ್ಸಿಗೂ ಅಂಗಿ ತೋಳು ಮಡಚಿ ಓಡಾಡುವಂಥ ಹವೆ. ಮೀನು ಸಾಯಲಿಲ್ಲ, ಬೆಳೆದವು, ಹೆಚ್ಚಿದವು. ವರ್ಮೆಲಳ ಫ್ರೀಜರಿನಲ್ಲಿ ಮೀನಿನ ಜಾಗಕ್ಕೆ ಐಸ್‌ಕ್ರೀಮು ಬಂದು ಕೂತಿತು. ಆದರೆ ಹವೆ ಹಿತವಾಗಿದ್ದದ್ದು ಮೀನಿಗೊಂದಕ್ಕೇ ಅಲ್ಲವಲ್ಲ! ಮೊದಲು ನವೆಂಬರಿನಲ್ಲಿ ದೋಣಿಗೆ ಟಾರ್ಪಾಲು ಹೊದಿಸಿ ಮನೆ ಸೇರುತ್ತಿದ್ದ ಪಟ್ಟಣದ ಗಾಳದವರು ಈಗ ವಾರವಾರವೂ ಬಂದರು. ಕಟ್ಟೆಯ ಮುಂದೆ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಅಂಗಡಿಯ ಮೀನುಮರಿ ಮಧ್ಯಾಹ್ನದೊಳಗೆ ಖಾಲಿ.

"ವ್ಯಾಪಾರ ಜೋರು, ಆದ್ರೂ ಮುಖ ಯಾಕೆ ಹಿಂಗೆ ಗಂಟು?" ಎಂದು ಪಾದ್ರಿಯ ಹೆಂಡತಿ ಲೂವಿನಿಯ ಒಮ್ಮೆ ಕೇಳಿದ್ದಳು.

"ಚಳಿ ಮೀನು ಕೊಲ್ತಿತ್ತು, ಸರಿ. ಆದ್ರೆ ಗಾಳ ಹಾಕೋರ್ನೂ ಒಲೆ ಮುಂದೆ ಕೂರಿಸ್ತಿತ್ತು ಕಣೆ," ಎಂದಿದ್ದಳು ವರ್ಮೆಲ್. "ಈಗ ಅವ್ರನ್ನ ಕೂರ್ಸೋರು ಯಾರು?"

ವರ್ಮೆಲ್ ಬರಿಗೈಲಿ ಬಂದ ವರ್ಷ, ಊರೂಟದ ವಾರದಲ್ಲೇ, ಮರೆತದ್ದು ನೆನಪಾದಂತೆ ಚಳಿ ಬಂತು. ಎರಡು ದಿನ ಕೊರೆದು, ಶುಕ್ರವಾರ ಹೊರಟೇಹೋಯಿತು. ಶನಿವಾರ ಬೆಳಗ್ಗೆ ಬಿಸಿಲು ಬೆಣ್ಣೆಯಂತಿತ್ತು. ನೀರಿಗೆ ಮಾತ್ರ ಅಷ್ಟು ಬೇಗ ಚಳಿ ಬಿಡುವುದಿಲ್ಲ. ಮೀನೆಲ್ಲ ಇನ್ನೂ ಮಡುವಿನಲ್ಲೇ ಇವೆಯೆಂದು ವರ್ಮೆಲಳಿಗೆ ನೋಡದೆಯೇ ಗೊತ್ತಿತ್ತು. ಕಟ್ಟೆಯಲ್ಲಿ ದೋಣಿ ಇಳಿಸಲು ಸಾಲುಗಟ್ಟಿದ ಜನವನ್ನು ನೋಡಿ ಅವಳು ಲೆಕ್ಕ ಹಾಕಿದಳು. ಒಬ್ಬನ ಕೋಲು ಮಡುವಿನಲ್ಲಿ ಬಾಗಿದರೆ ಸಾಕು, ಸಂಜೆಯೊಳಗೆ ತಳ ಗುಡಿಸಿದಂತಾಗುತ್ತದೆ. ತಾನು ಮಾರಿದ ಮರಿಯನ್ನೇ ಸಿಕ್ಕಿಸಿ ಗುಡಿಸುತ್ತಾರೆ. ಅದು ಅವಳಿಗೆ ಇನ್ನಷ್ಟು ಚುಚ್ಚಿತು.

ಆ ಹೊಳೆಗೊಂದು ರಿವಾಜಿದೆ. ಒಬ್ಬರು ಲಂಗರು ಬಿಟ್ಟ ಮಡುವಿಗೆ ಇನ್ನೊಬ್ಬರು ಗಾಳ ಬೀಸುವುದಿಲ್ಲ. ಹೊರಗಿನವರೂ ಅದನ್ನು ಪಾಲಿಸುತ್ತಾರೆ, ಎದುರಿಗೆ ಮೀನು ಮೇಲೆ ಬರುವುದನ್ನು ಕಾಣುವವರೆಗೆ. ವರ್ಮೆಲ್ ಅಂಗಡಿಗೆ ಸರಪಳಿ ಹಾಕಿ, ಎಲ್ಲರಿಗಿಂತ ಮುಂಚೆ ಹೋಗಿ ಮಡುವಿನ ನಡುಮಧ್ಯೆ ಲಂಗರು ಬಿಟ್ಟಳು. ಕೋಲು ಕೈಗೆತ್ತಿಕೊಂಡಳು. ಚರ್ಚಿನ ದೊಡ್ಡ ಮೇಜು ಕಣ್ಣ ಮುಂದೆ ಬಂತು. ಒಂದು ಬಕೆಟ್ ಹಿಡಿದರೆ ತನ್ನ ಹೆಸರು ಉಳಿಯುತ್ತದೆ, ಆದರೆ ಹಿಡಿದದ್ದನ್ನು ಹೊಳೆಯೆಲ್ಲ ನೋಡುತ್ತದೆ. ಹೋಗಲಿ ಅತ್ತ, ಎಂದುಕೊಂಡು ನೂಲಿನಿಂದ ಕೊಕ್ಕೆಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಬರೀ ಸೀಸದ ಗುಂಡನ್ನು ನೀರಿಗೆ ಬಿಟ್ಟು ಕೂತಳು.

ಕೂರುವುದು ಸುಲಭವಿರಲಿಲ್ಲ. ತಳದಲ್ಲಿ ಮೀನುಗಳು ಗುಂಡನ್ನು ಮೂತಿಯಿಂದ ತಿವಿದು ನೋಡುತ್ತಿದ್ದವು. ಪ್ರತಿ ತಿವಿತವೂ ನೂಲಿನ ಮೂಲಕ ಅವಳ ಬೆರಳಿಗೆ ಬರುತ್ತಿತ್ತು. ಬಾಯಲ್ಲಿ ನೀರೂರುತ್ತಿತ್ತು, ಕೈ ತುರಿಸುತ್ತಿತ್ತು. ದೋಣಿಗಳು ಹಾದುಹೋದವು, ಜನ ಕೈಬೀಸಿದರು, ಖಾಲಿ ಬಕೆಟ್ಟನ್ನು ಕಂಡು ಹುಬ್ಬೇರಿಸಿದರು.

ಪಟ್ಟಣದವನೊಬ್ಬ ಇಂಜಿನ್ ನಿಲ್ಲಿಸಿ ತನ್ನ ದೋಣಿಯಲ್ಲಿದ್ದ, ನೀರಡಿಯ ಮೀನು ತೋರಿಸುವ ಯಂತ್ರದ ಪರದೆಯನ್ನೇ ದಿಟ್ಟಿಸಿದ. "ಮಿಸ್ ವರ್ಮೆಲ್, ನಿಮ್ಮ ಕೆಳಗೆ ಏನೋ ರಾಶಿ ಕಾಣ್ತಿದೆಯಲ್ಲ!"

"ಮುಲೆಟ್ ಕಣಪ್ಪ," ಎಂದಳು ಅವಳು, ಆಕಳಿಸುತ್ತ. ಮುಲೆಟ್ ಗಾಳ ಕಚ್ಚುವ ಜಾತಿಯಲ್ಲ. "ಬೆಳಗ್ಗೆಯಿಂದ ಕೂತು ಸೊಂಟ ಹಿಡ್ಕೊಂಡಿದ್ದೊಂದೇ ಲಾಭ."

ಅವನು ಅವಳ ಅಲ್ಲಾಡದ ಕೋಲನ್ನು ಒಂದಿಷ್ಟು ಹೊತ್ತು ನೋಡಿದ. ವರ್ಮೆಲ್ ಪೊಲೈಟಳಿಗೇ ಸಿಗದ್ದು ತನಗೆಲ್ಲಿ ಸಿಗಬೇಕೆಂದು ಹೊರಟುಹೋದ. ನಾಳೆ ಭಾನುವಾರ, ಇವತ್ತೇ ಸುಳ್ಳು ಹೇಳಿಯಾಯಿತಲ್ಲ ಎಂದು ಅವಳಿಗೆ ಸ್ವಲ್ಪ ಕಸಿವಿಸಿಯಾಯಿತು. ದೇವರಿಗೂ ಟ್ರೌಟ್ ಯಾವುದು, ಮುಲೆಟ್ ಯಾವುದು ಗೊತ್ತಿರುತ್ತದೆ.

ಬಿಸಿಲೇರುವ ಹೊತ್ತಿಗೆ ಹೆಜೆಕಾಯ ಬಂದ. ಚರ್ಚಿನ ಹಿರಿಯನಾದ್ದರಿಂದ ಅಲ್ಲಿ ಎಲ್ಲರಿಗೂ ಅವನು ಡೀಕನ್. ಮನೆಯಲ್ಲಿಟ್ಟ ಅಡ್ಡಹೆಸರು ಕೂಟರ್, ಅಂದರೆ ಆಮೆ. ನಡಿಗೆ ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

"ಏನತ್ತಿಗೆ, ಬಕೆಟ್ಟು ಬಾಯ್ಬಿಟ್ಕೊಂಡು ಕೂತಿದೆ? ಹಸಿವಾ ಅದಕ್ಕೆ?"

"ನಿನ್ನ ಮಾತು ಕೇಳಿ ವಾಂತಿ ಬರೋ ಹಾಗಿದ್ಯಂತೆ. ಮುಂದೆ ಹೋಗು ಕೂಟರ್, ಇಲ್ಲೇನಿಲ್ಲ."

"ಚಳಿ ಬಿದ್ದ ವಾರ, ಈ ಮಡೂಲಿ ಏನಿಲ್ಲ? ನಾನೂ ಪೊಲೈಟ್ ಮನೇಲೇ ಹುಟ್ಟಿದೋನು ಅತ್ತಿಗೆ, ಹೊರಗಿನವ್ನಲ್ಲ." ಮನೆಯವನೆಂಬ ಹಕ್ಕಿನಿಂದ ಅವನು ಅವಳ ದೋಣಿಗೆ ತಾಗಿಕೊಂಡೇ ಲಂಗರು ಬಿಟ್ಟ. "ನಿಮ್ಗೆ ವಯಸ್ಸಾಯ್ತು ಬಿಡಿ. ಇವತ್ತು ದೊಡ್ಡ ಮೇಜು ನಂದು."

ವರ್ಮೆಲಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಬೈದರೆ ಸುತ್ತಲಿನ ದೋಣಿಗಳಿಗೆ ಕೇಳುತ್ತದೆ. ನೂಲನ್ನು ಸುತ್ತಿ ಎತ್ತಿ, ಬರೀ ಗುಂಡನ್ನು ಅವನ ಕಣ್ಣಿಗೆ ಕಾಣುವಂತೆ ಹಿಡಿದಳು.

ಹೆಜೆಕಾಯ ಗುಂಡನ್ನು ನೋಡಿದ. ಅತ್ತಿಗೆಯ ಮುಖ ನೋಡಿದ. ತಿರುವಿನಾಚೆ ಕಾದು ನಿಂತ ದೋಣಿಗಳನ್ನು ನೋಡಿದ. ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ, ಒಪ್ಪಿಕೊಳ್ಳಲು ಹಿಡಿಯಿತು. ಜೀವಮಾನವಿಡೀ ಕಾದ ಮೇಜು ಅವನ ದೋಣಿಯಡಿಯಲ್ಲೇ ಈಜಾಡುತ್ತಿತ್ತು.

"ಇದಕ್ಕೇನಾ ಬೆಳಗ್ಗೆಯಿಂದ ಕೂತಿರೋದು?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಹೂಂ."

"ಒಂದೆರಡು ಹಿಡಿದ್ರೆ ಏನಾಗುತ್ತೆ?"

"ಒಂದೆರಡು ನೀನು ಹಿಡೀತೀಯ. ಮಿಕ್ಕಿದ್ದು ಅವ್ರು ಹಿಡೀತಾರೆ."

ಅವನು ಗೊಣಗಿದ, ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಆಮೇಲೆ ತನ್ನ ನೂಲನ್ನು ಹಲ್ಲಿನಿಂದ ಕಚ್ಚಿ ಕೊಕ್ಕೆ ಬಿಡಿಸಿ, ಗುಂಡನ್ನು ನೀರಿಗೆ ಬಿಟ್ಟ. ಸಂಜೆಯವರೆಗೆ ಇಬ್ಬರೂ ಅಲ್ಲಿಂದ ಕದಲಲಿಲ್ಲ. ಅವಳ ಕಾಫಿ, ಅವನು ತಂದಿದ್ದ ಬೇಯಿಸಿದ ಕಡಲೆಕಾಯಿ. ಊರವರ ಮೇಲೆ ಒಂದಷ್ಟು ಚಾಡಿ. ಕಾದಿದ್ದ ದೋಣಿಗಳು ಬೇಸತ್ತು ಬೇರೆ ಕಡೆ ಹೋದವು. ವರ್ಮೆಲಳಿಗೆ ಅಷ್ಟು ಸುಖವಾದ ಮಧ್ಯಾಹ್ನ ಗಂಡ ಹೋದ ಮೇಲೆ ಸಿಕ್ಕಿರಲಿಲ್ಲ.

ಸಂಜೆ ದೊಡ್ಡ ಮೇಜಿನ ಮೇಲೆ ಬಂದದ್ದು ಡಬ್ಬಿಯ ಸಾಮನ್ ಮೀನಿನ ವಡೆ. ಬೆಂಚಿನವರೆಲ್ಲ ಕತ್ತು ಚಾಚಿ ನೋಡಿದರು.

"ಸಿಸ್ಟರ್ ವರ್ಮೆಲ್, ಈ ಮೀನನ್ನ ಯಾವ ಅಂಗಡಿಯ ಕಪಾಟಿನಲ್ಲಿ ಗಾಳ ಹಾಕಿ ಹಿಡಿದ್ರಿ?" ಎಂದಳು ಲೂವಿನಿಯ. ನಗೆ ಬೆಂಚಿನಿಂದ ಬೆಂಚಿಗೆ ಹಬ್ಬಿತು. ವರ್ಮೆಲಳ ಕಿವಿ ಬಿಸಿಯಾಯಿತು. ನಿಜ ಹೇಳೋಣವೆಂದರೆ, ಆ ಬೆಂಚುಗಳಲ್ಲೇ ಅರ್ಧ ಜನ ಗಾಳ ಹಾಕುವವರು. ವಡೆಯ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.

ಆಗ ಹೆಜೆಕಾಯ ಎದ್ದ. ಪಕ್ಕದ ಸಣ್ಣ ಮೇಜಿನ ಮೇಲೆ ಅವನು ಇಟ್ಟದ್ದೂ ಡಬ್ಬಿ ಮೀನೇ ಎಂದು ಎಲ್ಲರೂ ಆಗ ಗಮನಿಸಿದರು.

"ನಗಬೇಡ್ರಮ್ಮ," ಎಂದ. "ನಾನೂ ಇವತ್ತೆಲ್ಲ ಅತ್ತಿಗೆ ಪಕ್ಕದಲ್ಲೇ ಕೂತಿದ್ದೆ. ಒಂದೂ ಕಚ್ಚಲಿಲ್ಲ. ನಂದೂ ಕೈಗುಣ ಹೋಯ್ತು, ವಯಸ್ಸಾಯ್ತು."

ಕೂಟರ್ ಪೊಲೈಟ್ ತನಗೆ ಮೀನು ಸಿಗಲಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದನ್ನು ಆ ಊರು ಅವತ್ತೇ ಮೊದಲು ಕೇಳಿದ್ದು. ಪಾದ್ರಿ ಕೂಡ ಚಮಚ ಕೆಳಗಿಟ್ಟರು. ವರ್ಮೆಲ್ ಮೈದುನನ ತಟ್ಟೆಯನ್ನು ಸಣ್ಣ ಮೇಜಿನಿಂದ ಎತ್ತಿ ತಂದು, ದೊಡ್ಡ ಮೇಜಿನ ಮೇಲೆ ತನ್ನ ತಟ್ಟೆಯ ಪಕ್ಕಕ್ಕಿಟ್ಟಳು. ಕಣ್ಣು ಒದ್ದೆಯಾದದ್ದು ಕಾಣದಿರಲೆಂದು ಟೋಪಿಯನ್ನು ಹಣೆಗೆ ಎಳೆದುಕೊಂಡಳು.

ಊಟದ ನಡುವೆ ಅವನು ಅವಳತ್ತ ಬಾಗಿದ. "ಅತ್ತಿಗೆ, ನನ್ನ ಗುಂಡನ್ನ ಒಂದು ಮೀನು ಬಿಡದೆ ತಿವೀತಿತ್ತು."

"ದೊಡ್ಡದಾ?"

"ನಿಮ್ಮ ತೋಳಷ್ಟು."

"ಹೆಣ್ಣೇ ಇರ್ಬೇಕು," ಎಂದಳು ವರ್ಮೆಲ್, ಅವನ ತಟ್ಟೆಯಿಂದ ಒಂದು ವಡೆ ಎತ್ತಿಕೊಂಡು. "ಉಪ್ಪು ಜಾಸ್ತಿ ಹಾಕಿದ್ದೀಯ ಕಣೋ."